ಓದುಗರ ಪ್ರಶ್ನೆ: ಕ್ರೋಮೋಡೋರಿಸ್ ಹೆಸರು ಬದಲಾದದ್ದೇಕೆ?

ಪ್ರಶ್ನೆ: ಈಜಿಪ್ಟಿನ ಹುರ್ಘಾದಾ ಬಳಿ ಡೈವಿಂಗ್ ಮಾಡುವಾಗ ತೆಗೆದ ಚಿಪ್ಪಿಲ್ಲದ ಕಡಲ ಬಸವನಹುಳುವಿನ ಫೋಟೋ ಕಳಿಸಿದ್ದೇನೆ. ಬಿಳಿ ಮೈ, ಹಳದಿ ಚುಕ್ಕೆ, ತಲೆಯ ಕೊಂಬುಗಳ ಸುತ್ತ ಒಂದು, ಕಿವಿರಿನ ಸುತ್ತ ಇನ್ನೊಂದು ನೇರಳೆ ಉಂಗುರ. ಹಳೆಯ ಕೈಪಿಡಿ ಕ್ರೋಮೋಡೋರಿಸ್ ಆನ್ಯುಲೇಟಾ ಎನ್ನುತ್ತದೆ, ಗೆಳೆಯರು ಗೋನಿಯೋಬ್ರಾಂಕಸ್ ಆನ್ಯುಲೇಟಸ್ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಪ್ರಾಣಿ ಒಂದೇ. ಈಗ ಬಳಕೆಯಲ್ಲಿರುವುದು ಗೆಳೆಯರು ಹೇಳಿದ ಹೆಸರು.

ಕ್ರೋಮೋಡೋರಿಸ್ ಕುಲವನ್ನು (ಹತ್ತಿರದ ಪ್ರಭೇದಗಳ ಗುಂಪನ್ನು) 1855ರಲ್ಲಿ ಆಲ್ಡರ್ ಮತ್ತು ಹ್ಯಾನ್ಕಾಕ್ ಎಂಬ ವಿಜ್ಞಾನಿಗಳು ಕಟ್ಟಿದರು. ಆಮೇಲೆ ಯಾವ ಕಡಲಿನದ್ದಾದರೂ ಸರಿ, ಚಪ್ಪಟೆ ಮೈಯ ಬಣ್ಣದ ನುಡಿಬ್ರಾಂಕ್‌ಗಳು (ಇಂಥ ಚಿಪ್ಪಿಲ್ಲದ ಕಡಲ ಬಸವನಹುಳುಗಳು) ಸಾಲುಸಾಲಾಗಿ ಅದರೊಳಗೆ ಸೇರಿದವು. 2012ರಲ್ಲಿ ಜಾನ್ಸನ್ ಮತ್ತು ಗಾಸ್ಲೈನರ್ ಮೈಟೊಕಾಂಡ್ರಿಯದ ಎರಡು ಜೀನ್‌ಗಳನ್ನು ಹೋಲಿಸಿ ನೋಡಿದಾಗ ಇವೆಲ್ಲ ಒಂದೇ ವಂಶದವಲ್ಲವೆಂದು ತಿಳಿಯಿತು. 1866ರಲ್ಲಿ ಪೀಸ್ ಎಂಬ ವಿಜ್ಞಾನಿ ಇಟ್ಟು ಮೂಲೆಗೆ ಬಿದ್ದಿದ್ದ ಗೋನಿಯೋಬ್ರಾಂಕಸ್ ಎಂಬ ಕುಲದ ಹೆಸರು ಮತ್ತೆ ಎದ್ದು ಬಂತು; ನಿಮ್ಮ ಪ್ರಾಣಿ ಸೇರಿದ್ದು ಅದಕ್ಕೇ. ಅಟ್ಲಾಂಟಿಕ್, ಮೆಡಿಟರೇನಿಯನ್, ಪೂರ್ವ ಪೆಸಿಫಿಕ್ ಪ್ರಭೇದಗಳು ಫೆಲಿಮಿಡಾ ಕುಲಕ್ಕೆ ಹೋದವು. ಕ್ರೋಮೋಡೋರಿಸ್‌ಗೆ ಉಳಿದದ್ದು ಕೆಂಪು ಸಮುದ್ರ, ಹಿಂದೂ ಮಹಾಸಾಗರ ಮತ್ತು ಪಶ್ಚಿಮ–ಮಧ್ಯ ಪೆಸಿಫಿಕ್‌ನ ಕೆಲವು ಪ್ರಭೇದಗಳು ಮಾತ್ರ. ಹಾಗಾಗಿ ಯಾವುದಾದರೂ ಪುಸ್ತಕ ಮೆಡಿಟರೇನಿಯನ್ ಮೂಲದ ಪ್ರಾಣಿಯನ್ನು ಕ್ರೋಮೋಡೋರಿಸ್ ಎಂದರೆ ಅದು ಹಳೆಯ ಹೆಸರೆಂದೇ ತಿಳಿಯಿರಿ.

ಆನ್ಯುಲೇಟಾ ಆನ್ಯುಲೇಟಸ್ ಆದದ್ದು ಮುದ್ರಣದೋಷವಲ್ಲ. ಕ್ರೋಮೋಡೋರಿಸ್ ಸ್ತ್ರೀಲಿಂಗ, ಗೋನಿಯೋಬ್ರಾಂಕಸ್ ಪುಲ್ಲಿಂಗ; ವಿಶೇಷಣ ಕುಲದ ಲಿಂಗವನ್ನು ಹಿಂಬಾಲಿಸಬೇಕು. ಕುಲ ಬದಲಾದದ್ದರಿಂದ, ಪ್ರಭೇದಕ್ಕೆ ಮೊದಲು ಹೆಸರಿಟ್ಟ ಎಲಿಯಟ್ ಅವರ ಹೆಸರು ಮತ್ತು ಹೆಸರಿಟ್ಟ ವರ್ಷ 1904 ಈಗ ಆವರಣದೊಳಗೆ, (ಎಲಿಯಟ್, 1904) ಎಂದು ಬರುತ್ತವೆ. ಲೇಬಲ್ ಬರೆಯುವವರು ತಪ್ಪುವುದು ಇಲ್ಲೇ.

ಈ ಪ್ರಾಣಿ ಕೆಂಪು ಸಮುದ್ರದ ಜತೆಗೆ ಪಶ್ಚಿಮ ಹಿಂದೂ ಮಹಾಸಾಗರದಲ್ಲೂ ಇದೆ. ಪೂರ್ವ ಮೆಡಿಟರೇನಿಯನ್ನಿನಲ್ಲಿ ಸಿಗುವುದು ಸೂಯೆಜ್ ಕಾಲುವೆಯ ದಾರಿಯಿಂದ ಬಂದದ್ದೆಂದು ಎಣಿಕೆ.

ಬಣ್ಣವೊಂದನ್ನೇ ನಂಬಬೇಡಿ. ಇವು ಸ್ಪಂಜು ತಿಂದು ಅದರ ವಿಷವನ್ನು ಮೈಯಂಚಿನ ಗ್ರಂಥಿಗಳಲ್ಲಿ ಕೂಡಿಡುತ್ತವೆ. ಒಂದನ್ನು ಕಚ್ಚಿ ಪಾಠ ಕಲಿತ ಮೀನು ಅದೇ ವಿನ್ಯಾಸದ ಇನ್ನೊಂದನ್ನೂ ಬಿಡುತ್ತದೆ. ಅದಕ್ಕೇ ಬೇರೆ ಬೇರೆ ಪ್ರಭೇದಗಳು ಒಂದೇ ವೇಷದಲ್ಲಿರುತ್ತವೆ. ಒಂದೇ ಪ್ರಭೇದ ಎರಡು ವೇಷದಲ್ಲೂ ಸಿಗುತ್ತದೆ. ಕಪ್ಪು ಗೆರೆಗಳ ಕ್ರೋಮೋಡೋರಿಸ್‌ಗಳಲ್ಲಿ ಈ ಗೊಂದಲ ಹೆಚ್ಚು. ಮುಂದಿನ ಸಲ ಮೇಲಿನಿಂದ, ಪಕ್ಕದಿಂದ, ಕೊಂಬು ಮತ್ತು ಕಿವಿರಿನ ಹತ್ತಿರದಿಂದ ಚಿತ್ರ ತೆಗೆಯಿರಿ. ಮೈಯಂಚಿನ ಬಣ್ಣಗಳ ಕ್ರಮವನ್ನು ಹೊರಗಿನಿಂದ ಒಳಕ್ಕೆ ಬರೆದಿಡಿ. ಆಳ, ದಿನಾಂಕ, ಅದು ಕೂತಿದ್ದ ಸ್ಪಂಜು ಇವೂ ಬೇಕು. ಮುಟ್ಟಬೇಡಿ, ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ, ನೋಡಬೇಕಾದ ಉಂಗುರವೇ ಮುದುಡುತ್ತದೆ.

ಪ್ರಶ್ನೆ: ಅನುಮತಿ ಪಡೆದು ಸಂಗ್ರಹಿಸಿದ ನುಡಿಬ್ರಾಂಕ್‌ಗಳು ಫಾರ್ಮಲಿನ್‌ನಲ್ಲಿ ಉಂಡೆಯಾದವು, ಡಿಎನ್‌ಎಯೂ ಸಿಗಲಿಲ್ಲ. ಏಕೆ?
– ವಿದ್ಯಾರ್ಥಿನಿ, ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಮರಗಟ್ಟಿಸದೆ ಹಾಕಿದ್ದೀರಿ. ಒಂದು ಲೀಟರ್ ಸಿಹಿನೀರಿಗೆ 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಕರಗಿಸಿ, ಪ್ರಾಣಿಯಿರುವ ಸಮುದ್ರದ ನೀರಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಿ. ಕೊಂಬು ಮುಟ್ಟಿದರೂ ಅಲುಗಾಡದ ತನಕ ಕಾಯಿರಿ. ಮೊದಲು ಪಾದದ ತುದಿಯ ಚೂರನ್ನು ಶೇ. 95ರ ಎಥನಾಲ್‌ಗೆ ಹಾಕಿ, ಏಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಅಂಗರಚನೆ ನೋಡಲು ಉಳಿದ ಮೈಗೆ ಶೇ. 10ರ ಫಾರ್ಮಲಿನ್ ಸಾಕು. ಎರಡು ಸೀಸೆಗೂ ಒಂದೇ ಸಂಖ್ಯೆ ಕೊಡಿ. ಬಣ್ಣ ಯಾವುದರಲ್ಲೂ ನಿಲ್ಲುವುದಿಲ್ಲ. ಫೋಟೋ ಜೀವಂತವಾಗಿದ್ದಾಗಲೇ ಆಗಬೇಕು.