ರಾತ್ರಿ ಹತ್ತರ ಫೋನು ನಿಲ್ಲಿಸಿ, ನಂಬರ್ ಬ್ಲಾಕ್ ಮಾಡಬೇಡಿ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನಲ್ಲಿ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತೇನೆ. ಅವರಲ್ಲೊಬ್ಬ ಹುಡುಗನಿಗೆ 9 ವರ್ಷ, ಆಟಿಸಂ ಇದೆ. ಮಾತು ಬಂದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ. ಅಪ್ಪನಿಗೆ ತೋಟದ ಕೆಲಸ. ತಾಯಿ ದಿನಾ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅಳುತ್ತಾರೆ. ‘ಅಕ್ಕೋರೆ, ನಿಮ್ಮನ್ನು ಬಿಟ್ಟರೆ ನಂಗೆ ಯಾರೂ ಇಲ್ಲ’ ಅನ್ನುತ್ತಾರೆ. ಈಗ ಫೋನ್ ಸದ್ದಾದರೆ ಸಾಕು, ಎದೆ ಡವಡವ ಅನ್ನುತ್ತದೆ. ನನ್ನ ಮಗಳು ‘ಅಮ್ಮಾ, ನಿಂಗೆ ಬೇರೆಯವರ ಮಕ್ಕಳೇ ಜಾಸ್ತಿ’ ಅಂದಳು. ಮೊನ್ನೆ ಆ ಹುಡುಗನ ಮೇಲೇ ರೇಗಿಬಿಟ್ಟೆ. ನಂಬರ್ ಬ್ಲಾಕ್ ಮಾಡಲೇ? ಮಾಡಿದರೆ ಪಾಪ ಅಲ್ವಾ?

ಉತ್ತರ: ಬ್ಲಾಕ್ ಮಾಡಬೇಡಿ ಅಕ್ಕೋರೆ. ಆದರೆ ರಾತ್ರಿ ಹತ್ತರ ಫೋನನ್ನು ಈ ವಾರವೇ ನಿಲ್ಲಿಸಿ.

ಬರೀ ದಣಿವಾಗಿದ್ದರೆ ಒಂದು ಭಾನುವಾರ ಮಲಗಿದರೆ ಹೋಗುತ್ತಿತ್ತು. ಫೋನಿಗೆ ಹೆದರುವುದು, ಪಾಠ ಹೇಳುವ ಮಗುವಿನ ಮೇಲೇ ಸಿಟ್ಟು ಬರುವುದು ಅದಕ್ಕಿಂತ ಮುಂದಿನ ಹಂತ. ಬರ್ನ್‌ಔಟ್ ಅನ್ನುತ್ತಾರಲ್ಲ, ಅದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಅಂದಿತು. ಹಾಗಾಗಿ ನೀವು ಇನ್ನಷ್ಟು ತಾಳ್ಮೆ ತಂದುಕೊಂಡರೆ ಇದು ಸರಿಹೋಗುವುದಿಲ್ಲ. ಕೆಲಸದ ರೀತಿಯೇ ಬದಲಾಗಬೇಕು.

ಹುಡುಗನ ಅಪ್ಪನ ಬಗ್ಗೆ ನೀವು ಬರೆದದ್ದು ಮೂರೇ ಪದ: ‘ಅಪ್ಪನಿಗೆ ತೋಟದ ಕೆಲಸ’. ನನಗೆ ಸಮಸ್ಯೆ ಕಂಡಿದ್ದು ಅಲ್ಲೇ. ಒಂದು ಮಗುವಿನ ಅಷ್ಟೂ ಹೊರೆ ಇಬ್ಬರು ಹೆಂಗಸರ ಮೇಲಿದೆ. ಇಬ್ಬರಲ್ಲಿ ಯಾರು ಜಾಸ್ತಿ ಹೊರಬೇಕು ಅನ್ನುವ ಲೆಕ್ಕ ಬೇಡ. ಮೂರನೆಯವರು, ನಾಲ್ಕನೆಯವರು ಕೈ ಹಾಕಬೇಕು.

ಮೊದಲು ಫೋನು. ಮೆಸೇಜಿನಲ್ಲಿ ಹೇಳಬೇಡಿ, ಮನೆಗೆ ಹೋದಾಗ ಎದುರು ಕೂತು ಹೇಳಿ. ‘ಬುಧವಾರ, ಶನಿವಾರ ಸಂಜೆ ಆರಕ್ಕೆ ನಾನೇ ಫೋನ್ ಮಾಡ್ತೇನೆ, ಕಾಲು ಗಂಟೆ ಮಾತಾಡೋಣ. ರಾತ್ರಿ ಎತ್ತೋದಿಲ್ಲ.’ ಇಷ್ಟೇ. ಸಮಜಾಯಿಷಿ ಉದ್ದವಾದಷ್ಟೂ ನಿಮ್ಮ ಮಾತು ಸಡಿಲವಾಗುತ್ತದೆ. ಹೇಳಿದ ದಿನ ಮಾತ್ರ ತಪ್ಪದೆ ಫೋನ್ ಮಾಡಿ. ಬೇಜಾರಾಗಬಹುದು ಅವರಿಗೆ, ಆಗಲಿ.

ರಾತ್ರಿಗೆ ಬೇರೆ ದಾರಿಗಳಿವೆ, ಅವನ್ನು ಗೋಡೆಯ ಮೇಲೆ ಬರೆದು ಅಂಟಿಸಿ. ಮನಸ್ಸು ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವಿಗೆ ಫಿಟ್ಸ್ ಬಂದು ಐದು ನಿಮಿಷವಾದರೂ ನಿಲ್ಲದಿದ್ದರೆ, ಜೋರು ಪೆಟ್ಟಾದರೆ 108. ಇಂಥದ್ದಕ್ಕೆಲ್ಲ ಮೊದಲು ನಿಮಗೆ ಫೋನ್ ಮಾಡಿದರೆ ಸಮಯ ಸುಮ್ನೆ ಹಾಳು. ಇನ್ನೊಂದು ಮಾತು. ಆಟಿಸಂ ಇರುವ ಎಷ್ಟೋ ಮಕ್ಕಳು ಹೇಳದೆ ಮನೆಯಿಂದ ಹೊರಟುಬಿಡುತ್ತವೆ, ನೀರೆಂದರೆ ಸೆಳೆತವೂ ಇರುತ್ತದೆ. ನಮ್ಮ ಕಡೆ ಅಂಗಳ ದಾಟಿದರೆ ಬಾವಿ, ತೋಟ ಇಳಿದರೆ ಹಳ್ಳ. ಬಾವಿಗೆ ಮುಚ್ಚಳ, ಬಾಗಿಲಿಗೆ ಹುಡುಗನ ಕೈಗೆ ಎಟುಕದ ಚಿಲಕ ಇದೆಯಾ ನೋಡಿ. ಆ ತಾಯಿ ರಾತ್ರಿಯಿಡೀ ಎಚ್ಚರ ಇರಲು ಅರ್ಧ ಕಾರಣ ಈ ಭಯವೂ ಇರಬಹುದು.

ಹತ್ತು ಗಂಟೆಗೇ ಫೋನ್ ಬರುವುದೂ ಅದಕ್ಕೇ ಅನ್ನಿಸುತ್ತದೆ. ಇಡೀ ರಾತ್ರಿ ಎದುರಿಗೆ ಕೂತಿರುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ನಿದ್ದೆಯ ತೊಂದರೆ ಬಹಳ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಅದು ಡಾಕ್ಟರ ಕೆಲಸ, ಅಕ್ಕೋರದ್ದಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಕೇಳಿ, ಹುಡುಗನನ್ನು ಅಪ್ಪನೇ ಕರೆದುಕೊಂಡು ಹೋಗಲಿ. ಅಮ್ಮ ಆ ಹೊತ್ತು ಮಲಗಲಿ.

ಅಡಿಕೆ ಕೊನೆಕೊಯ್ಲಿನಲ್ಲಿ ಬಿಡುವಿಲ್ಲ ಅಂತಾರೆ ಅಪ್ಪ, ಗೊತ್ತು. ಹಾಗಾದರೆ ಹುಡುಗನೇ ಅಪ್ಪನ ಜೊತೆ ಅಂಗಳಕ್ಕೆ ಇಳಿಯಲಿ. ಉದುರಿದ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುವುದು ಬೆರಳಿಗೂ ಕೆಲಸ, ಕಣ್ಣಿಗೂ ಕೆಲಸ. ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಂಡರಾಯಿತು. ನೀವು ಬರೆದುಕೊಡುವ ಚಟುವಟಿಕೆಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಮನೆಕೆಲಸದೊಳಗೇ ಸೇರಿಸಿ. ನಿದ್ದೆಗೆಟ್ಟ ತಾಯಿಗೆ ಹತ್ತು ಸಾಲಿನ ಪಟ್ಟಿ ಕೊಟ್ಟರೆ ಅವರಿಗೆ ಕಾಣುವುದು ತಾನು ಮಾಡದೆ ಉಳಿಸಿದ್ದು ಮಾತ್ರ.

ಕಾಗದಪತ್ರದ ಓಡಾಟವನ್ನೂ ನೀವೇ ಹೊತ್ತುಕೊಂಡಿರಬೇಕು. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆ, ಎಲ್ಲವನ್ನೂ ಗ್ರಾಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿಗೆ ಒಪ್ಪಿಸಿ, ಅವರಿರುವುದೇ ಅದಕ್ಕೆ. ಆಟಿಸಂಗೆ ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಆರೈಕೆ ಮಾಡುವವರಿಗೆ ತಿಂಗಳಿಗೆ 1000 ರೂಪಾಯಿ ಎಂದು 2024ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದಾಗ ಸೆರೆಬ್ರಲ್ ಪಾಲ್ಸಿಯಂಥ ಕೆಲವೇ ಸಮಸ್ಯೆಗಳನ್ನು ಹೆಸರಿಸಿದ್ದರು, ಆಟಿಸಂ ಆ ಪಟ್ಟಿಯಲ್ಲಿ ಇರಲಿಲ್ಲ. ಯಾಕೋ ನನಗೆ ಅರ್ಥವಾಗಿಲ್ಲ. ರಾತ್ರಿ ನಿದ್ದೆಗೆಡುವ ತಾಯಂದಿರಲ್ಲಿ ಭೇದ ಎಲ್ಲಿ?

ನಿಮ್ಮ ಕಚೇರಿಗೂ ಬರೆದು ಕೊಡಿ. ಎಷ್ಟು ಮಕ್ಕಳು, ಯಾವ ಯಾವ ಊರು, ಬಸ್ಸು ಎಷ್ಟು ಹೊತ್ತಿಗೆ, ಮಳೆಗಾಲದಲ್ಲಿ ಎಲ್ಲಿ ತಪ್ಪುತ್ತದೆ. ‘ಸುಸ್ತಾಗಿದೆ’ ಅಂದರೆ ಯಾರೂ ಕೇಳುವುದಿಲ್ಲ. ಊರಿನ ಹೆಸರು, ಕಿಲೋಮೀಟರ್ ಬರೆದರೆ ಫೈಲಿಗಾದರೂ ಹೋಗುತ್ತದೆ. ಅಕ್ಕಪಕ್ಕದ ಊರುಗಳ ಭೇಟಿಯನ್ನು ಒಂದೇ ದಿನಕ್ಕೆ ಸೇರಿಸಿಕೊಡಿ ಎಂದೂ ಕೇಳಿ. ನೀವು ಹೋಗುವ ಮನೆಗಳಲ್ಲಿ ಇಂಥದೇ ಮಗು ಇರುವ ಇನ್ನೊಬ್ಬ ತಾಯಿ ಖಂಡಿತ ಇರುತ್ತಾರೆ. ಇಬ್ಬರ ಒಪ್ಪಿಗೆ ಪಡೆದು ನಂಬರ್ ಬದಲಾಯಿಸಿಕೊಡಿ. ನೀವು ಎಷ್ಟು ಕೇಳಿದರೂ ಹೊರಗಿನವರು, ಆ ಇನ್ನೊಬ್ಬ ತಾಯಿ ಹೊರಗಿನವರಲ್ಲ.

ಮಗುವಿನ ಮೇಲೆ ರೇಗಿದ್ದಕ್ಕೆ ಪಾಪಪುಣ್ಯದ ಲೆಕ್ಕ ಬೇಡ. ಮತ್ತೆ ಹಾಗಾಗುವ ಹಾಗಿದ್ದರೆ ಆ ದಿನದ ಪಾಠವನ್ನು ಅರ್ಧಕ್ಕೇ ಬಿಟ್ಟು ಎದ್ದು ಬನ್ನಿ. ಮುಂದಿನ ಭೇಟಿಗೆ ಮಾತ್ರ ಅಪ್ಪ ಮನೆಯಲ್ಲಿರುವ ದಿನವನ್ನೇ ಕೇಳಿ ಗೊತ್ತುಮಾಡಿಕೊಳ್ಳಿ.