ತಲೆ ಆಡಿದರೂ ಅಕ್ಷರ ನಿಂತೇ ಇರುತ್ತದೆ

ಪ್ರಶ್ನೆ: ಪುಸ್ತಕ ಹಿಡಿದು ತಲೆಯನ್ನು ಎಡಬಲಕ್ಕೆ ಆಡಿಸಿದರೂ ಓದಲು ಬರುತ್ತದೆ. ತಲೆ ನಿಲ್ಲಿಸಿ ಪುಸ್ತಕವನ್ನೇ ಅಷ್ಟು ವೇಗವಾಗಿ ಆಡಿಸಿದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ಎರಡೂ ಒಂದೇ ಅಲ್ಲವೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಕಣ್ಣಿಗೆ ಒಂದೇ, ಕಿವಿಗೆ ಅಲ್ಲ. ಪುಸ್ತಕ ಆಡಿದಾಗ ಬಿಂಬ ಸರಿದದ್ದನ್ನು ಮೊದಲು ಅಕ್ಷಿಪಟಲ ಗುರುತಿಸಬೇಕು. ಮಿದುಳು ಅದನ್ನು ಲೆಕ್ಕ ಹಾಕಿ ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕೊಡುವಷ್ಟರಲ್ಲಿ ಸುಮಾರು 100 ಮಿಲಿಸೆಕೆಂಡ್ ಕಳೆದಿರುತ್ತದೆ. ಪುಸ್ತಕ ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ಸರಿಯುತ್ತಿದ್ದರೆ ಅಷ್ಟರೊಳಗೆ 10 ಡಿಗ್ರಿ ದಾಟಿತು. ಕೈಚಾಚಿ ಹಿಡಿದ ಹೆಬ್ಬೆರಳಿನ ಅಗಲ ಸುಮಾರು 2 ಡಿಗ್ರಿ. ಅಂದರೆ ಐದು ಹೆಬ್ಬೆರಳಿನಷ್ಟು ದೂರ ಕಣ್ಣು ಹಿಂದೆ ಬಿತ್ತು.

ತಲೆ ತಿರುಗಿದರೆ ಕಥೆಯೇ ಬೇರೆ. ಒಂದೊಂದು ಒಳಕಿವಿಯಲ್ಲೂ ಮೂರು ಅರ್ಧವೃತ್ತ ನಾಳಗಳಿವೆ. ತುಂಬಿದ ಬಿಂದಿಗೆಯನ್ನು ಥಟ್ಟನೆ ತಿರುಗಿಸಿದರೆ ನೀರು ಹಿಂದುಳಿಯುವಂತೆ ನಾಳದೊಳಗಿನ ದ್ರವವೂ ಹಿಂದುಳಿದು, ಅಲ್ಲಿರುವ ಕೂದಲಿನಂಥ ಎಳೆಗಳನ್ನು ಬಾಗಿಸುತ್ತದೆ. ಅಲ್ಲಿಂದ ಕಣ್ಣಿನ ಸ್ನಾಯುವಿನವರೆಗೆ ಮೂರೇ ನರಕೋಶಗಳ ಕೊಂಡಿ. ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿರುತ್ತದೆ.

ಹಾಗೆಂದು ಕಿವಿಯೊಂದೇ ಸಾಲದು. ಒಂದೇ ವೇಗದಲ್ಲಿ ಸುತ್ತುತ್ತಲೇ ಇದ್ದರೆ ಅರ್ಧ ನಿಮಿಷದೊಳಗೆ ದ್ರವವೂ ಜೊತೆಗೆ ಸುತ್ತತೊಡಗಿ ಕಿವಿಯ ಸಂಕೇತ ಬತ್ತುತ್ತದೆ. ಆಗ ನೋಟವೇ ಆಸರೆ. ಎರಡೂ ಸುದ್ದಿ ಮಿದುಳುಕಾಂಡದ ಅದೇ ನರಕೇಂದ್ರಗಳಿಗೆ ಬಂದು ಸೇರುತ್ತವೆ. ವೇಗದ ಚಲನೆಗೆ ಕಿವಿಯ ಮಾತು ನಡೆಯುತ್ತದೆ, ನಿಧಾನದ್ದಕ್ಕೆ ಕಣ್ಣಿನದು. ನಿಂತ ರೈಲಿನಲ್ಲಿ ಕೂತಿರುವಾಗ ಪಕ್ಕದ ಗಾಡಿ ಮೆಲ್ಲಗೆ ಹೊರಟರೆ ನಮ್ಮದೇ ಹೊರಟಂತೆ ಅನಿಸುವುದು ಇದರಿಂದಲೇ.

ಎರಡೂ ಕಿವಿಯ ಈ ಅಂಗ ಕೆಟ್ಟರೆ ನಡೆಯುವಾಗ ರಸ್ತೆಯ ಬೋರ್ಡು ಕುಣಿಯುತ್ತದೆ. ಕ್ಷಯರೋಗದ ಔಷಧ ಸ್ಟ್ರೆಪ್ಟೊಮೈಸಿನ್‌ನಿಂದ ಹಾಗಾದ ಅಮೆರಿಕದ ವೈದ್ಯರೊಬ್ಬರು 1952ರಲ್ಲಿ ತಮ್ಮ ಸ್ಥಿತಿಯನ್ನು ಬರೆದಿಟ್ಟಿದ್ದಾರೆ: ನಾಡಿಯ ಬಡಿತಕ್ಕೆ ತಲೆ ಅಲುಗಿದರೂ ಅಕ್ಷರ ಮಸುಕಾಗುತ್ತಿತ್ತು, ಮಂಚದ ತಲೆಭಾಗದ ಸರಳುಗಳ ನಡುವೆ ತಲೆ ಸಿಕ್ಕಿಸಿಕೊಂಡು ಓದಬೇಕಾಗಿತ್ತು. ನಮ್ಮ ನೋಟ ಎಷ್ಟು ಸಣ್ಣ ಅಲುಗಾಟವನ್ನೂ ತಾಳದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಪ್ರಶ್ನೆ: ಕನ್ನಡಕದ ಪವರ್ ಮೈನಸ್ 4 ಬಂದಿದೆ. ಮೊದಲ ಬಾರಿ ಹಾಕಿದ್ದೇನೆ. ತಲೆ ತಿರುಗಿಸಿದರೆ ನೆಲ ತೇಲುತ್ತದೆ. ಪವರ್ ತಪ್ಪಾಗಿದೆಯೇ? (ಓದುಗರು, ದಾವಣಗೆರೆ)

ಉತ್ತರ: ತಪ್ಪೇ ಆಗಿರಬೇಕೆಂದಿಲ್ಲ. ಬರಿಗಣ್ಣಿಗೆ ತಲೆ 10 ಡಿಗ್ರಿ ತಿರುಗಿದರೆ ಕಣ್ಣೂ 10 ಡಿಗ್ರಿ ತಿರುಗಬೇಕು. ಮೈನಸ್ 4ರ ಗಾಜಿನ ಹಿಂದೆ ಸುಮಾರು 9 ಸಾಕು. ಮಿದುಳು ಹಳೇ ಲೆಕ್ಕದಲ್ಲೇ ತಿರುಗಿಸುವುದರಿಂದ ಬಿಂಬ ಜಾರುತ್ತದೆ. ಆ ಜಾರಿಕೆಯನ್ನೇ ನೋಡಿ ಕಿರುಮೆದುಳು ಲೆಕ್ಕ ತಿದ್ದುತ್ತದೆ. ಪ್ಲಸ್ ಪವರ್‌ನಲ್ಲಿ ಇದು ತಿರುಗುಮುರುಗು. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಜೊತೆಗೇ ತಿರುಗುವುದರಿಂದ ಅದರಲ್ಲಿ ಈ ತೊಂದರೆ ಇಲ್ಲ.

ತಿದ್ದುಪಡಿಗೆ ಚಲನೆ ಬೇಕು, ಸುಮ್ಮನೆ ಕೂತರೆ ಆಗದು. ಬೆಳಿಗ್ಗೆಯಿಂದಲೇ ಹಾಕಿಕೊಳ್ಳಿ, ಗಳಿಗೆಗೊಮ್ಮೆ ತೆಗೆಯಬೇಡಿ. ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದರಲ್ಲೇ ದೃಷ್ಟಿ ನೆಟ್ಟು, ಅಕ್ಷರ ಮಸುಕಾಗದಷ್ಟೇ ವೇಗದಲ್ಲಿ ತಲೆಯನ್ನು ಒಂದು ನಿಮಿಷ ಎಡಬಲಕ್ಕೆ, ಒಂದು ನಿಮಿಷ ಮೇಲೆಕೆಳಗೆ ಆಡಿಸಿ. ದಿನಕ್ಕೆ ಮೂರು ಸಲ. ಕುತ್ತಿಗೆ ನೋವಿದ್ದರೆ ಬೇಡ. ಹೊಂದಿಕೊಳ್ಳುವ ತನಕ ಬೈಕ್ ಓಡಿಸಬೇಡಿ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಿರಿ. ಎರಡು ವಾರವಾದರೂ ತೇಲಾಟ ನಿಲ್ಲದಿದ್ದರೆ ಅಂಗಡಿಗೆ ಹೋಗಿ ಗಾಜಿನ ಕೇಂದ್ರ ಪಾಪೆಯ ನೇರಕ್ಕಿದೆಯೇ, ಒಂದು ದಿಕ್ಕಿಗಷ್ಟೇ ಇರುವ ಪವರ್, ಅಂದರೆ ಸಿಲಿಂಡರ್‌ನ ಕೋನ ಚೀಟಿಯಲ್ಲಿ ಬರೆದಂತೆಯೇ ಇದೆಯೇ ಎಂದು ಅಳೆಸಿ. ಅನೇಕ ಸಲ ತಪ್ಪು ಅಲ್ಲೇ ಸಿಗುತ್ತದೆ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಮಗಳಿಗೆ ವಾಂತಿ. ಫೋನ್ ನೋಡುತ್ತಿದ್ದರಂತೂ ಹೇಳುವುದೇ ಬೇಡ. (ಓದುಗರು, ಉಡುಪಿ)

ಉತ್ತರ: ಕಿವಿ ‘ತಿರುಗಿತು’ ಎನ್ನುತ್ತದೆ, ಫೋನಿನಲ್ಲಿ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ಆ ಜಗಳವೇ ವಾಕರಿಕೆ. ಫೋನ್ ಒಳಗಿಡಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ, ತಲೆಯನ್ನು ಸೀಟಿಗೆ ಒರಗಿಸಿ ದೂರದ ರಸ್ತೆ ನೋಡಲು ಹೇಳಿ. ಮುಂದೆ ಸೀಟು ಸಿಗದಿದ್ದರೆ ಕಣ್ಣು ಮುಚ್ಚಿಕೊಳ್ಳಲಿ, ಆಗ ಜಗಳವಾಡುವ ಒಂದು ಕಡೆಯಾದರೂ ಸುಮ್ಮನಾಗುತ್ತದೆ. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ ಹೊರಡುವ ಮುನ್ನವೇ ಕೊಡಿ. ವಾಕರಿಕೆ ಶುರುವಾದ ಮೇಲೆ ಹೊಟ್ಟೆ ಅದನ್ನು ಸರಿಯಾಗಿ ಮುಂದಕ್ಕೆ ಸಾಗಿಸುವುದಿಲ್ಲ.