ಟ್ರೈನಿಂಗ್ ಅರ್ಧಕ್ಕೆ ಬಿಟ್ಟವರು ಲಾಯರ್ ಆಗಿ ಆರ್ಮಿಗೆ ವಾಪಸ್ ಹೋಗಬಹುದಾ?

ಪ್ರಶ್ನೆ: ಸರ್, ಡಿಗ್ರಿ ಮುಗಿಸಿ ಸಿಡಿಎಸ್ (ಸೇನೆ ಆಫೀಸರ್ ಆಗೋಕೆ ಬರೆಯೋ ಪರೀಕ್ಷೆ) ಬರೆದು ಚೆನ್ನೈ ಓಟಿಎಗೆ (ಆರ್ಮಿ ಆಫೀಸರ್‌ಗಳ ಟ್ರೈನಿಂಗ್ ಅಕಾಡೆಮಿ) ಸೆಲೆಕ್ಟ್ ಆಗಿದ್ದೆ. ಎರಡ್ಮೂರು ತಿಂಗಳಿಗೇ ನಾನಾಗೇ ಬರೆದುಕೊಟ್ಟು ಬಂದ್ಬಿಟ್ಟೆ. ತಂದೆಗೆ ಹುಷಾರಿರಲಿಲ್ಲ, ನಿಜ ಹೇಳ್ಬೇಕಂದ್ರೆ ನಂಗೂ ಸಾಕಾಗಿತ್ತು. ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಸೇರಿದೆ, ಈಗ ಕೊನೆ ವರ್ಷ, ವಯಸ್ಸು 25. ಜ್ಯಾಗ್ (ಆರ್ಮಿಯ ಕಾನೂನು ವಿಭಾಗ) ಎಂಟ್ರಿಗೆ ಹಾಕೋ ಆಸೆ ಇದೆ. ಒಂದ್ಸಲ ಬಿಟ್ಟು ಬಂದವರನ್ನ ಮತ್ತೆ ತಗೋತಾರಾ? ಎಸ್‌ಎಸ್‌ಬಿಲಿ (ಸೇನೆಯ ಆಯ್ಕೆ ಮಂಡಳಿ ಮುಂದೆ) ಇದನ್ನ ಹೇಳ್ಲೇಬೇಕಾ? ಆ ಟ್ರೈನಿಂಗ್ ಮತ್ತೆ ಮೊದಲಿಂದ ಮಾಡ್ಬೇಕಾ?

ಉತ್ತರ: ಬಿಟ್ಟು ಬಂದ್ರಿ ಅನ್ನೋದೊಂದೇ ನಿಮ್ಮನ್ನ ತಡೆಯಲ್ಲ. ಬಿಟ್ಟಿದ್ದಕ್ಕೆ ಅಕಾಡೆಮಿ ಕಾಗದದಲ್ಲಿ ಏನು ಕಾರಣ ಬರೆದಿದೆ ಅನ್ನೋದು ತಡೆಯಬಹುದು. ಶಿಸ್ತಿನ ಕಾರಣಕ್ಕೆ ಯಾವುದೇ ಟ್ರೈನಿಂಗ್ ಅಕಾಡೆಮಿಯಿಂದ ಹೊರಗೆ ಹಾಕಿಸ್ಕೊಂಡವರು ಅರ್ಜಿನೇ ಹಾಕೋ ಹಾಗಿಲ್ಲ ಅಂತ ಆರ್ಮಿ ಎಂಟ್ರಿ ನೋಟಿಫಿಕೇಶನ್‌ಗಳಲ್ಲಿ ಇರುತ್ತೆ. ನೀವು ಬರೆದ ಸಿಡಿಎಸ್ ನೋಟಿಫಿಕೇಶನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ, ಆಫೀಸರ್ ಲೈಕ್ ಕ್ವಾಲಿಟಿ (ಆಫೀಸರ್‌ಗೆ ಬೇಕಾದ ಗುಣ) ಇಲ್ಲ ಅಂತ ತೆಗೆದವರಿಗೂ ಅಲ್ಲಿ ಬಾಗಿಲು ಮುಚ್ಚಿದೆ. ಮನೆ ಕಷ್ಟಕ್ಕೆ ತಾವಾಗೇ ಬರೆದುಕೊಟ್ಟು ಬಂದವರ ಲೆಕ್ಕ ಬೇರೆ.

ನೀವು "ನಾನಾಗೇ ಬಿಟ್ಟೆ" ಅಂದ್ಕೊಂಡಿದ್ದೀರಿ, ಫೈಲಲ್ಲೂ ಹಾಗೇ ಇದೆಯಾ ನೋಡಿದ್ದೀರಾ? ತುಂಬಾ ಜನ ಮನೆಗೆ ಹೋದ್ರೆ ಸಾಕಪ್ಪಾ ಅಂತ ಕೊಟ್ಟ ಕಡೆಯೆಲ್ಲ ಸೈನ್ ಹಾಕಿ ಬಂದಿರ್ತಾರೆ, ಏನಕ್ಕೆ ಹಾಕಿದ್ವಿ ಅಂತ ನೆನಪಿರಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ವಿತ್‌ಡ್ರಾವಲ್ ಆದೇಶದ (ನಿಮ್ಮನ್ನ ಟ್ರೈನಿಂಗ್‌ನಿಂದ ಬಿಡಿಸಿದ ಆದೇಶ) ಕಾಪಿ ತರಿಸ್ಕೊಳ್ಳಿ. ಅಕಾಡೆಮಿಗೆ ಪತ್ರ ಬರೀರಿ, ಉತ್ತರ ಬರದೇ ಇದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ನಿಮ್ಮದೇ ದಾಖಲೆ ನೀವು ಕೇಳ್ತಿರೋದು, 30 ದಿನದೊಳಗೆ ಉತ್ತರ ಕೊಡ್ಬೇಕು. ಸ್ವಂತ ಇಚ್ಛೆಯಿಂದ ಬಿಟ್ಟವರ ಹತ್ರ ತರಬೇತಿ ಖರ್ಚು ವಾಪಸ್ ಕೇಳ್ತಾರೆ, ಸೇರುವಾಗ ಬಾಂಡ್‌ಗೆ ಸೈನ್ ಹಾಕಿರ್ತೀರಲ್ಲ, ಅದು. ಆ ಬಾಕಿ ತೀರಿದೆಯಾ ಅನ್ನೋದನ್ನೂ ಇದೇ ಕೈಲಿ ನೋಡ್ಕೊಂಡು ರಸೀದಿ ಇಟ್ಕೊಳ್ಳಿ.

ಇನ್ನು ನಿಮಗೆ ನಿಜವಾದ ತಲೆನೋವು ವಯಸ್ಸು. ನೀವು ಕೇಳಿರೋದ್ರಲ್ಲಿ ಇದರ ಮಾತೇ ಇಲ್ಲ! ಜ್ಯಾಗ್‌ಗೆ 21ರಿಂದ 27, ಹಿಂದೆ ಅಕಾಡೆಮಿಲಿದ್ದೆ ಅಂತ ಅದರಲ್ಲಿ ರಿಯಾಯಿತಿ ಕೊಡಲ್ಲ. ಕೋರ್ಸ್ ಶುರುವಾಗೋ ವರ್ಷದ ಜನವರಿ 1 ಇಲ್ಲಾ ಜುಲೈ 1ಕ್ಕೆ ಎಷ್ಟಾಗಿರುತ್ತೆ ಅಂತ ನೋಡ್ತಾರೆ, ಅರ್ಜಿ ಹಾಕಿದ ದಿನಕ್ಕಲ್ಲ. ಈಗ 25 ಅಂದ್ರೆ ಡಿಗ್ರಿ ಕೈಗೆ ಬರೋ ಹೊತ್ತಿಗೆ 26 ಹತ್ರ, ಆಮೇಲೆ ನೋಟಿಫಿಕೇಶನ್, ಎಸ್‌ಎಸ್‌ಬಿ, ಮೆಡಿಕಲ್, ಮೆರಿಟ್ ಲಿಸ್ಟ್, ಇಷ್ಟೆಲ್ಲ ಮುಗಿದು ಕೋರ್ಸ್ ಶುರುವಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಹಾಗಾಗಿ ನಿಮಗೆ ಸಿಗೋದು ಒಂದೋ ಎರಡೋ ಚಾನ್ಸ್ ಅಷ್ಟೇ. ಹುಟ್ಟಿದ ತಾರೀಕು ಪಕ್ಕದಲ್ಲಿಟ್ಕೊಂಡು ಇವತ್ತೇ ಲೆಕ್ಕ ಹಾಕಿ.

ಜೊತೆಗೆ ಕ್ಲ್ಯಾಟ್ ಪಿಜಿ (ಎಲ್‌ಎಲ್‌ಎಂ ಪ್ರವೇಶ ಪರೀಕ್ಷೆ) ಸ್ಕೋರ್ ಈಗ ಕಡ್ಡಾಯ, ಎಲ್‌ಎಲ್‌ಎಂ ಮಾಡಿದವರಿಗೂ ಬಿಟ್ಟಿಲ್ಲ. ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಬರುತ್ತೆ, ಕೊನೆ ವರ್ಷದವರೂ ಬರೀಬಹುದು. ಡಿಗ್ರಿ ಮುಗೀಲಿ ಆಮೇಲೆ ನೋಡೋಣ ಅಂದ್ರೆ ಒಂದು ವರ್ಷ ಸುಮ್ನೆ ಹೋಗುತ್ತೆ. ಎಲ್‌ಎಲ್‌ಬಿಲಿ ಒಟ್ಟು 55 ಪರ್ಸೆಂಟ್ ಬೇಕು, ಮದುವೆ ಆಗಿರಬಾರದು, ಬಾರ್ ಕೌನ್ಸಿಲ್‌ನಲ್ಲಿ ನೋಂದಣಿಗೆ ಅರ್ಹತೆ ಇರಬೇಕು. ಸೀಟು ಮಾತ್ರ ಬೆರಳೆಣಿಕೆ. 31ನೇ ಕೋರ್ಸ್‌ಗೆ ಗಂಡಸರಿಗೆ 6, ಹೆಂಗಸರಿಗೆ 3 ಅಂತ ಹಂಚಿದ್ರು, ಆ ಹಂಚಿಕೆ ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ರದ್ದು ಮಾಡಿ ಮೆರಿಟ್ ಲಿಸ್ಟ್ ಒಂದೇ ಇರಲಿ ಅಂತು.

ಎಸ್‌ಎಸ್‌ಬಿಲಿ ಹೇಳ್ಬೇಕಾ ಅಂತ ಕೇಳಿದ್ದೀರಿ. ಹೇಳ್ಲೇಬೇಕು, ಇದರಲ್ಲಿ ಎರಡನೇ ಮಾತಿಲ್ಲ. ಮೊದಲ ದಿನ ತುಂಬೋ ಪಿಐಕ್ಯೂ (ವೈಯಕ್ತಿಕ ಮಾಹಿತಿ) ಫಾರ್ಮಲ್ಲೇ ಹಿಂದಿನ ಎಸ್‌ಎಸ್‌ಬಿಗಳ ವಿವರ ಕೇಳ್ತಾರೆ. ನಿಮ್ಮ ದಾಖಲೆ ಅವರ ಹತ್ರನೇ ಇದೆ, ಮುಚ್ಚಿಟ್ಟಿದ್ದು ಯಾವಾಗ ಗೊತ್ತಾದ್ರೂ ಕ್ಯಾನ್ಸಲ್, ಕಮಿಷನ್ ಆದ್ಮೇಲೆ (ಆಫೀಸರ್ ಆಗಿ ನೇಮಕ ಆದ್ಮೇಲೆ) ಗೊತ್ತಾದ್ರೆ ಇನ್ನೂ ಕೆಟ್ಟದು. ಅದೂ ಅಲ್ದೆ ಕಾನೂನು ಇಲಾಖೆಗೆ ಬರೋನು ಸುಳ್ಳು ಹೇಳ್ಕೊಂಡು ಬಂದ ಅಂದ್ರೆ ಯಾರಾದ್ರೂ ಇಟ್ಕೋತಾರಾ?

ಇಂಟರ್‌ವ್ಯೂ ಆಫೀಸರ್ ಯಾಕೆ ಬಿಟ್ರಿ ಅಂತ ಕೇಳೇ ಕೇಳ್ತಾರೆ. ತಂದೆ ವಿಷಯ ಒಂದನ್ನೇ ಹೇಳಿದ್ರೆ ಮುಂದಿನ ಪ್ರಶ್ನೆ ರೆಡಿ ಇರುತ್ತೆ, ನಾಳೆ ಮತ್ತೆ ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮತ್ತೆ ಹೊರಡ್ತೀರಾ ಅಂತ. ಅದಕ್ಕೇ ನನ್ನ ಸಲಹೆ, ನಂಗೆ ಬರೆದಂಗೇ ಅಲ್ಲೂ ಹೇಳಿ, ತಂದೆಗೆ ಹುಷಾರಿರಲಿಲ್ಲ, ನಂಗೂ ಸಾಕಾಗಿತ್ತು ಅಂತ. ಆಮೇಲೆ ಈ ಮೂರು ವರ್ಷದಲ್ಲಿ ಏನು ಬದಲಾಯ್ತು ಅನ್ನೋದನ್ನ ಕೆಲಸದಿಂದ ತೋರಿಸಿ: ಯಾವ ಮೂಟ್ ಕೋರ್ಟ್ (ಅಣಕು ಕೋರ್ಟ್), ಯಾರ ಹತ್ರ ಇಂಟರ್ನ್‌ಶಿಪ್, ಬೆಳಿಗ್ಗೆ ಎಷ್ಟು ಓಡ್ತೀರಿ. ಅಕಾಡೆಮಿನ ಬೈಯೋಕೆ ಮಾತ್ರ ಹೋಗ್ಬೇಡಿ, ಎದುರಿಗೆ ಕೂತಿರೋರೂ ಅಂಥದ್ದೇ ಅಕಾಡೆಮಿಲಿ ಉರುಳಾಡಿ ಬಂದೋರು.

ಟ್ರೈನಿಂಗ್ ಪೂರ್ತಿ ಮೊದಲಿಂದ, 49 ವಾರ. ಹಳೇ ಎರಡ್ಮೂರು ತಿಂಗಳು ಯಾವ ಲೆಕ್ಕಕ್ಕೂ ಇಲ್ಲ, ಯಾಕಂದ್ರೆ ಕಮಿಷನ್ ಆಗದೇ ಇದ್ದಿದ್ದಕ್ಕೆ ಅದು ಸರ್ವಿಸೇ ಅಲ್ಲ. ಲಾಯರ್ ಅಂತ ಪಿಟಿ, ಡ್ರಿಲ್, ರಗಡಾ (ಶಿಕ್ಷೆಯಾಗಿ ಮಾಡಿಸೋ ಕಸರತ್ತು) ಯಾವುದರಲ್ಲೂ ವಿನಾಯಿತಿ ಇಲ್ಲ, ನಿಮಗಿಂತ ನಾಲ್ಕೈದು ವರ್ಷ ಚಿಕ್ಕವರ ಜೊತೆ ಅದೇ ಮೈದಾನದಲ್ಲಿ ಓಡ್ಬೇಕು. ಪಾಸ್ ಆಗ್ಲಿಲ್ಲ ಅಂದ್ರೆ ರೆಲಿಗೇಟ್ ಮಾಡಿ ಜೂನಿಯರ್ ಟರ್ಮ್‌ಗೆ ಹಾಕ್ತಾರೆ. ಆವಾಗ ಸಾಕಾಗಿದ್ದು ದೇಹಕ್ಕಾ, ಅಲ್ಲಿನ ಜೀವನಕ್ಕಾ ಅನ್ನೋದನ್ನ ಸ್ವಲ್ಪ ಕೂತು ಯೋಚನೆ ಮಾಡಿ. ದೇಹಕ್ಕಾದ್ರೆ ಈಗಿಂದ ತಯಾರಿ ಮಾಡಿದ್ರೆ ಸರಿಹೋಗುತ್ತೆ. ಎರಡನೇದಾದ್ರೆ ಕಾನೂನು ಡಿಗ್ರಿ ಕೈಲಿದ್ರೂ ಅಲ್ಲಿ ದಿನಚರಿ ಅದೇ.

ಕೆಲಸ ಏನಪ್ಪಾ ಅಂದ್ರೆ ಕೋರ್ಟ್ ಮಾರ್ಷಲ್‌ಗಳಲ್ಲಿ (ಸೇನೆಯ ಒಳಗಿನ ಕೋರ್ಟ್) ಜಡ್ಜ್ ಅಡ್ವೊಕೇಟ್ (ಕಾನೂನು ಸಲಹೆಗಾರ) ಆಗಿ ಕೂರೋದು, ಕಮಾಂಡರ್‌ಗಳಿಗೆ ಸಲಹೆ ಕೊಡೋದು, ಆರ್ಮಿ ಮೇಲೆ ಬಿದ್ದ ಕೇಸುಗಳ ಕಡತ ನೋಡೋದು. 1950ರ ಆರ್ಮಿ ಆ್ಯಕ್ಟ್‌ನ 129ನೇ ಸೆಕ್ಷನ್ ಪ್ರಕಾರ ಜನರಲ್ ಕೋರ್ಟ್ ಮಾರ್ಷಲ್‌ಗೆ ಜಡ್ಜ್ ಅಡ್ವೊಕೇಟ್ ಇರಲೇಬೇಕು. ದಿನಾ ಕರಿ ಕೋಟು ಹಾಕಿ ವಾದ ಮಾಡೋ ಆಸೆ ಇದ್ರೆ ಇಲ್ಲಿ ಅದು ಸಿಗಲ್ಲ. ಇದು ಶಾರ್ಟ್ ಸರ್ವಿಸ್, ಅಂದ್ರೆ ಇಷ್ಟು ವರ್ಷ ಅಂತ ನಿಗದಿಯಾದ ನೌಕರಿ, 10 ವರ್ಷ, ಬೇಕಂದ್ರೆ ಇನ್ನೂ 4.

ನೇವಿಯಲ್ಲೂ ಲಾ ಎಂಟ್ರಿ ಇದೆ, ತರಬೇತಿ ಕೇರಳದ ಏಳಿಮಲದಲ್ಲಿ, ಅದರ ನೋಟಿಫಿಕೇಶನ್ ಮೇಲೂ ಕಣ್ಣಿಡಿ. ವಯಸ್ಸು ಮೀರಿ ಹೋಯ್ತು ಅಂತಿಟ್ಕೊಳ್ಳಿ, ಆಗ ಹೊರಗಿಂದ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಪ್ರಾಕ್ಟೀಸ್ ಇದೆ, ಕೊಚ್ಚಿ, ಚೆನ್ನೈ ಎರಡೂ ಕಡೆ ಪೀಠ ಇದೆ, ಸೈನಿಕರ ಪೆನ್ಷನ್, ಡಿಸೆಬಿಲಿಟಿ ಕೇಸು ಬೇಕಾದಷ್ಟು ಬರುತ್ತೆ. ಆದ್ರೆ ಈಗ್ಲೇ ಅಲ್ಲಿಗೆ ಹೋಗ್ಬೇಡಿ, ಮೊದಲು ಆ ವಿತ್‌ಡ್ರಾವಲ್ ಕಾಗದ ತರಿಸಿ, ಕ್ಲ್ಯಾಟ್ ಅರ್ಜಿ ಹಾಕಿ. ಕಾಗದದಲ್ಲಿ ಏನಾದ್ರೂ ಎಡವಟ್ಟಾಗಿ ಬರೆದಿದ್ರೆ ಅದರ ಒಕ್ಕಣೆ ಹಾಗ್ಹಾಗೇ ನಂಗೆ ಬರೆದು ಕಳ್ಸಿ, ಅದನ್ನ ಸರಿಮಾಡಿಸೋ ದಾರಿ ಬೇರೆನೇ ಇದೆ.